ಚೀಲ ಜೊತೆಗಿರಲಿ, ಚೀಟಿ ಮನೆಯಲ್ಲಿರಲಿ

ಕೇಳುಗರೇ, ನಮಸ್ಕಾರ.

ಇವತ್ತು ಏನು ಸಾರು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ತರಕಾರಿ ತರಲು ಹೊರಡುವುದು ನಮ್ಮಲ್ಲಿ ಬಹಳ ಮಂದಿಯ ರೂಢಿ. ಹುರುಳಿಕಾಯಿ ಅರ್ಧ ಕಿಲೋ, ಟೊಮೆಟೊ ಒಂದು ಕಿಲೋ, ಕ್ಯಾರೆಟ್ ಕಾಲು ಕಿಲೋ, ಒಂದು ಕಟ್ಟು ಕೊತ್ತಂಬರಿ. ಯುಗಾದಿಗೂ ಅದೇ ಚೀಟಿ, ದೀಪಾವಳಿಗೂ ಅದೇ ಚೀಟಿ. ನಾನು ಹೇಳುವುದು ಇದಕ್ಕೆ ತದ್ವಿರುದ್ಧವಾದ ಮಾತು. ಬರಿಗೈಯಲ್ಲಿ ಚೀಲವೊಂದನ್ನೇ ಹಿಡಿದು ಹೋಗಿ. ಮಾರುಕಟ್ಟೆಯನ್ನು ಒಂದು ಸುತ್ತು ಸುಮ್ಮನೆ ನೋಡಿ ಬನ್ನಿ. ಆಮೇಲೆ ಸಾರು ಯಾವುದೆಂದು ಯೋಚಿಸಿ. ಊಟ ರುಚಿಸುವುದೂ ದುಡ್ಡು ಉಳಿಯುವುದೂ ಈ ಒಂದು ಸುತ್ತಿನಲ್ಲೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮಾರುಕಟ್ಟೆ ಎಂದರೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ್ದು. ಬೆಂಗಳೂರಿನ ಮಲ್ಲೇಶ್ವರದವರಿಗೆ ಎಂಟನೇ ಅಡ್ಡರಸ್ತೆಯಿದೆ. ಬಸವನಗುಡಿಯ ಕಡೆಯವರಿಗೆ ಗಾಂಧಿ ಬಜಾರಿದೆ. ನನಗೆ ಚೆನ್ನಾಗಿ ಗೊತ್ತಿರುವುದು ಗಾಂಧಿ ಬಜಾರು, ಹಾಗಾಗಿ ಅಲ್ಲಿನ ಮಾತನ್ನೇ ಹೇಳುತ್ತೇನೆ. ನಿಮ್ಮ ಊರಿನ ಸಂತೆಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ.

ಅಲ್ಲಿ ಬೆಳಗ್ಗೆ ನಮ್ಮ ಮುಂದೆ ಹರಡಿಕೊಂಡಿರುವ ತರಕಾರಿಯ ದಿನ ಶುರುವಾಗುವುದು ರಾತ್ರಿಯೇ. ಹೊಸಕೋಟೆ, ಮಾಲೂರು, ಆನೇಕಲ್, ಮಾಗಡಿ, ಚಿಕ್ಕಬಳ್ಳಾಪುರದ ಕಡೆ ಸಂಜೆ ಕೊಯ್ದ ಕಾಯಿ, ಸೊಪ್ಪು ಟೆಂಪೊ ಏರಿ ಕಲಾಸಿಪಾಳ್ಯಕ್ಕೂ, 1928ರಿಂದ ನಗರಕ್ಕೆ ಅನ್ನ ಕೊಡುತ್ತಿರುವ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಬಂದು ಇಳಿಯುತ್ತದೆ. ಮಂಡಿಗಳಲ್ಲಿ ಮೂಟೆ, ಕ್ರೇಟುಗಳ ಲೆಕ್ಕದ ವ್ಯಾಪಾರ. ಬೆಳಕು ಹರಿಯುವ ಮೊದಲೇ ಬಡಾವಣೆಯ ವ್ಯಾಪಾರಿಗಳು ಅಲ್ಲಿಗೆ ಹೋಗಿ, ಆರಿಸಿ, ಆಟೋದಲ್ಲಿ ಹೇರಿಕೊಂಡು ಬರುತ್ತಾರೆ. ನಾವು ಕಾಫಿ ಕುಡಿದು ಹೊರಡುವ ಹೊತ್ತಿಗೆ ಅವರು ಅರ್ಧ ದಿನದ ದುಡಿಮೆ ಮುಗಿಸಿರುತ್ತಾರೆ.

ಇದು ತಿಳಿದಿದ್ದರೆ ಯಾವುದನ್ನು ಯಾವಾಗ ಕೊಳ್ಳಬೇಕೆಂಬುದೂ ತಿಳಿಯುತ್ತದೆ. ಸೊಪ್ಪಿಗೆ, ಎಳೆಯ ಬೆಂಡೆಗೆ, ಹೀರೆಗೆ ಬೆಳಗಿನ ಹೊತ್ತೇ ಸರಿ. ಆಲೂಗಡ್ಡೆ, ಈರುಳ್ಳಿ, ಸುವರ್ಣಗಡ್ಡೆ, ಕುಂಬಳಕ್ಕೆ ಸಂಜೆ ಹೋದರೂ ನಷ್ಟವಿಲ್ಲ. ಸಂಜೆ ಏಳರ ಮೇಲೆ ಬೆಲೆ ಇಳಿಯುತ್ತದೆ ನಿಜ. ಉಳಿದದ್ದನ್ನು ಮನೆಗೆ ಹೊತ್ತೊಯ್ಯುವುದಕ್ಕಿಂತ ಬಂದಷ್ಟಕ್ಕೆ ಕೊಡುವುದೇ ವ್ಯಾಪಾರಿಗೆ ಮೇಲು. ಆದರೆ ಆ ಸೊಪ್ಪು ದಿನವಿಡೀ ನೀರು ಚಿಮುಕಿಸಿಕೊಂಡು ಕುಳಿತದ್ದು. ಕಟ್ಟಿನ ನಡುವೆ ಬೆರಳಿಟ್ಟು ನೋಡಿ. ಹೊರಗೆ ಹಸಿರಾಗಿದ್ದು ಒಳಗೆ ಲೋಳೆಯಾಗಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ದಂಟಿನ ತುದಿ ಕೊಯ್ದಲ್ಲಿ ಇನ್ನೂ ಬಿಳಿಯಾಗಿ, ಹಸಿಯಾಗಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ.

ಸೊಪ್ಪಿನ ವಿಷಯ ಬಂದರೆ ನನಗೆ ಬೇಗ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಇಂದಿನ ಎಷ್ಟೋ ಅಡುಗೆಮನೆಗಳಲ್ಲಿ ಸೊಪ್ಪು ಎಂದರೆ ಪಾಲಕ್, ಮೆಂತ್ಯ, ಕೊತ್ತಂಬರಿ, ಅಷ್ಟಕ್ಕೇ ಮುಗಿಯಿತು. ನಮ್ಮ ಬಯಲುಸೀಮೆಯ ನೆಲದಲ್ಲಿ ಹುಟ್ಟುವ ಸೊಪ್ಪುಗಳನ್ನು ನೋಡಬೇಕಾದರೆ ಅಂಗಡಿಯ ಸಾಲನ್ನು ಬಿಟ್ಟು, ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು ಕುಳಿತವರ ಮುಂದೆ ನಿಲ್ಲಬೇಕು. ಗಾಂಧಿ ಬಜಾರಿನ ಒಂದು ಮರದ ಕೆಳಗೆ ಹಾಗೆ ಕೂರುವ ವಯಸ್ಸಾದ ತಾಯಿಯೊಬ್ಬರಿದ್ದಾರೆ. ದಂಟು, ಹರಿವೆ, ಚಕ್ಕೋತ, ಸಬ್ಬಸಿಗೆ ಎಲ್ಲರ ಹತ್ತಿರವೂ ಸಿಗುತ್ತವೆ. ಅವರ ಹತ್ತಿರ ಮಾತ್ರ ಒದ್ದೆ ಬಟ್ಟೆ ಮುಚ್ಚಿದ ಪುಟ್ಟ ಗುಡ್ಡೆಯೊಂದು ಪಕ್ಕದಲ್ಲಿರುತ್ತದೆ. ಮಳೆಗಾಲದಲ್ಲಿ ಅದು ಬೆರಕೆ ಸೊಪ್ಪು. ಅಣ್ಣೆ, ಗೋಣಿ, ಕನ್ನೆ, ಹೊನಗೊನ್ನೆ, ಗಣಿಕೆ, ಇವೆಲ್ಲ ಕಲೆತದ್ದು. ಯಾರೂ ಬಿತ್ತಿದ್ದಲ್ಲ. ಮಳೆ ಬಿದ್ದ ಮೇಲೆ ರಾಗಿ ಹೊಲದ ಸಾಲುಗಳಲ್ಲಿ, ಬದುಗಳಲ್ಲಿ ತಾನೇ ಹುಟ್ಟಿದ್ದನ್ನು ಬಗ್ಗಿ ಬಗ್ಗಿ ಕಿತ್ತು, ಎಲೆ ಎಲೆಯಾಗಿ ಸೋಸಿ ತಂದದ್ದು.

ಕೊಂಡವರು ಹೊಸಬರು ಎಂದು ಕಂಡರೆ ಅವರು ಕೇಳದೆಯೇ ಆ ತಾಯಿ ಹೇಳುತ್ತಾರೆ: "ಇದಕ್ಕೆ ಹುಳಿ ಮುಂದೆ ಮಾಡಬೇಡಿ ಕಣಮ್ಮ. ಬೆಳ್ಳುಳ್ಳಿ ಧಾರಾಳವಾಗಿ ಹಾಕಿ. ಬೇಯಿಸಿದ ನೀರನ್ನು ಚೆಲ್ಲಿಬಿಟ್ಟೀರಿ, ಜೋಕೆ." ಆ ನೀರೇ ಬಸ್ಸಾರಿನ ಜೀವ. ತೊಗರಿಬೇಳೆಯ ಜೊತೆ, ಇಲ್ಲವೇ ಹುರುಳಿಕಾಳಿನ ಜೊತೆ ಸೊಪ್ಪನ್ನು ಬೇಯಿಸಿ, ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿದುಕೊಂಡು, ಖಾರ ರುಬ್ಬಿ ಅದಕ್ಕೆ ಹಾಕಿ ಕುದಿಸಿದರೆ ಸಾರು. ಬಸಿದು ಉಳಿದ ಸೊಪ್ಪು, ಬೇಳೆಗೆ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಜೊತೆಗೆ ಬಿಸಿ ಮುದ್ದೆ. ಸೊಪ್ಪು ಮಾರುವವರೇ ಅಡುಗೆಯನ್ನೂ ಹೇಳಿಕೊಡುವುದು ನಮ್ಮ ಮಾರುಕಟ್ಟೆಗಳ ದೊಡ್ಡ ಸಂಪತ್ತು. ಕೇಳುವವರಿದ್ದರೆ ಹೇಳುವವರು ಈಗಲೂ ಇದ್ದಾರೆ. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತರಕಾರಿ ತಂದುಕೊಡುವ ಮೊಬೈಲ್ ಅಂಗಡಿಗಳು ಬಂದಿವೆ. ಕೆಲಸದಿಂದ ರಾತ್ರಿ ಮನೆ ಸೇರುವವರಿಗೆ ಅದರಿಂದ ಅನುಕೂಲವಿದೆ, ಅವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಗಣಿಕೆ ಸೊಪ್ಪಿನ ಹೆಸರೇ ಗೊತ್ತಿಲ್ಲದವರು ಅದನ್ನು ಮೊಬೈಲಿನಲ್ಲಿ ಹುಡುಕುವುದಾದರೂ ಹೇಗೆ? ಗೊತ್ತಿಲ್ಲದ್ದು ಕಣ್ಣಿಗೆ ಬೀಳಬೇಕಾದರೆ ನಡೆದೇ ಹೋಗಬೇಕು.

ಇನ್ನು ಕಾಯಿ ಆರಿಸುವ ಮಾತು. ಬದನೆಯನ್ನು ಕೈಯಲ್ಲಿ ತೂಗಿ ನೋಡಿ. ಗಾತ್ರಕ್ಕೆ ಹಗುರವಾಗಿದ್ದು, ತೊಟ್ಟು ಹಸಿರಾಗಿದ್ದರೆ ಎಳೆಯದು. ಭಾರವಾಗಿದ್ದರೆ ಒಳಗೆ ಬೀಜ ಬಲಿತಿದೆ ಎಂದರ್ಥ. ನುಗ್ಗೆಕಾಯನ್ನು ಮೆಲ್ಲಗೆ ತಿರುಚಿದಾಗ ಬಳುಕಬೇಕು. ಆಲೂಗಡ್ಡೆಯ ಸಿಪ್ಪೆ ಹಸಿರು ತಿರುಗಿದ್ದರೆ ಬೇಡ, ಅದು ಕಹಿ ಮಾತ್ರವಲ್ಲ, ಆರೋಗ್ಯಕ್ಕೂ ಒಳ್ಳೆಯದಲ್ಲ. ತೆಂಗಿನಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೀರಿನ ಸದ್ದು ಕೇಳಿ, ಕಣ್ಣುಗಳ ಸುತ್ತ ತೇವವೋ ಬೂಷ್ಟೋ ಇದೆಯೇ ನೋಡಿ. ಬೆಂಡೆಯ ತುದಿ ಮುರಿದು ನೋಡುವ ಅಭ್ಯಾಸ ಎಲ್ಲರಿಗೂ ಇದೆ. ಒಂದನ್ನು ಮುರಿಯಿರಿ, ಸಾಕು. ಬುಟ್ಟಿಯಲ್ಲಿರುವುದನ್ನೆಲ್ಲ ಮುರಿದು, ಸೋರೆಕಾಯಿಗೆ ಉಗುರು ಚುಚ್ಚಿ, ಕೊನೆಗೆ ಏನೂ ಕೊಳ್ಳದೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಉಗುರು ತಾಕಿದ ಕಾಯಿ ಸಂಜೆಯೊಳಗೆ ಅಲ್ಲೇ ಕಪ್ಪಾಗುತ್ತದೆ, ಆ ನಷ್ಟ ಮಾರುವವರ ತಲೆಗೆ.

ಚೀಟಿಗೆ ಅಂಟಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 2023ರ ಜುಲೈ ತಿಂಗಳು ಒಳ್ಳೆಯ ಸಾಕ್ಷಿ. ಬೆಂಗಳೂರಿನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತು. ಅಂಗಡಿಯ ಮುಂದೆ ನಿಂತು ಮಾರುವವರನ್ನೇ ಬೈದವರಿದ್ದರು. ಆದರೆ ಬೆಲೆ ಏರುವುದು ಅಂಗಡಿಯಲ್ಲಿ ಅಲ್ಲ, ತೋಟದಲ್ಲಿ. ನಮಗೆ ಟೊಮೆಟೊ ಬಹುಪಾಲು ಬರುವುದು ಕೋಲಾರದ ಕಡೆಯಿಂದ. ಅಲ್ಲಿನ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅದಕ್ಕೂ ಕೆಲವು ತಿಂಗಳ ಮುಂಚೆ ಬೆಲೆ ನೆಲಕಚ್ಚಿತ್ತು. ಕೈಸುಟ್ಟುಕೊಂಡ ರೈತರಲ್ಲಿ ಹಲವರು ಮತ್ತೆ ನಾಟಿ ಮಾಡಲಿಲ್ಲ. ಮಾಡಿದವರಿಗೆ ಬಿಸಿಲು ಹೆಚ್ಚಾಯಿತು, ಎಲೆ ಮುದುಡುವ ರೋಗ ಬಂತು. ಸಸಿ ನೆಟ್ಟು ಹಣ್ಣು ಕೈಗೆ ಬರಲು ಎರಡು ತಿಂಗಳ ಮೇಲೆಯೇ ಬೇಕು, ಹೀಗಾಗಿ ಬೆಲೆ ಏರಿದೆ ಎಂದು ಇವತ್ತು ನೆಟ್ಟರೆ ನಾಳೆ ಹಣ್ಣು ಬರುವುದಿಲ್ಲ. ಆ ಹೊತ್ತಿನಲ್ಲಿ ಕೊಳ್ಳುವವರು ಮಾಡಬಹುದಾದದ್ದು ಒಂದೇ: ಬೇರೆ ಹುಳಿಗೆ ತಿರುಗುವುದು. ಟೊಮೆಟೊ ನಮ್ಮ ಅಡುಗೆಗೆ ಬರುವ ಎಷ್ಟೋ ಕಾಲದ ಮೊದಲಿನಿಂದ ನಮ್ಮ ಸಾರಿಗೆ ಹುಣಸೆಹಣ್ಣಿತ್ತು, ಮಾವಿನಕಾಯಿಯಿತ್ತು, ಮಜ್ಜಿಗೆ ಹುಳಿಯಿತ್ತು. ಆ ತಿಂಗಳು ಬೂದುಗುಂಬಳದ ಮಜ್ಜಿಗೆ ಹುಳಿ ಮಾಡಿಕೊಂಡವರಿಗೆ ಏನೂ ಕಡಿಮೆಯಾಗಲಿಲ್ಲ.

ಬೆಲೆ ನ್ಯಾಯವೋ ಅಲ್ಲವೋ ಎಂಬ ಅನುಮಾನ ಬಂದರೆ ಹತ್ತಿರದ ಹಾಪ್‌ಕಾಮ್ಸ್ ಮಳಿಗೆಯ ದರ ನೋಡಿಕೊಳ್ಳಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಸಂಸ್ಥೆ ಅದು. ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರೀಗೌಡರ ಮುತುವರ್ಜಿ ಅದರ ಹಿಂದಿತ್ತು. ಬೆಳೆಗಾರರಿಂದ ನೇರವಾಗಿ ಕೊಂಡು ಮಾರುವುದರಿಂದ ಅಲ್ಲಿನ ದರ ಒಂದು ಅಂದಾಜಿಗೆ ಸಿಗುತ್ತದೆ. ತೂಕದ ಬಗ್ಗೆಯೂ ಹಕ್ಕಿನಿಂದ ನೋಡಬಹುದು. ವಿದ್ಯುನ್ಮಾನ ತಕ್ಕಡಿಗಳಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ತಟ್ಟೆ ಖಾಲಿಯಿದ್ದಾಗ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡುವುದರಲ್ಲಿ ಯಾರಿಗೂ ಅವಮಾನವಿಲ್ಲ.

ಚೌಕಾಸಿ ಮಾಡಬೇಕೇ? ಕಿಲೋಗಟ್ಟಲೆ ಕೊಳ್ಳುವಾಗ ಕೇಳಿ, ತಪ್ಪಿಲ್ಲ. ಆದರೆ ಹತ್ತು, ಇಪ್ಪತ್ತು ರೂಪಾಯಿಯ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಇಳಿಸಿ ಎಂದು ಜಗ್ಗಾಡುವುದನ್ನು ನಾನು ಒಪ್ಪುವುದಿಲ್ಲ. ನೆಲದ ಮೇಲೆ ಕುಳಿತು ಮಾರುವವರಲ್ಲಿ ಅನೇಕರು ಬಂಡವಾಳಕ್ಕೆ ದಿನದ ಸಾಲ ಮಾಡುತ್ತಾರೆ. ಬೆಳಗ್ಗೆ ಒಂಬೈನೂರು ಕೈಗೆ ಬಂದರೆ ಸಂಜೆಗೆ ಸಾವಿರ ಕಟ್ಟಬೇಕಾದ ಸಾಲ ಅದು. ಆ ನೂರು ರೂಪಾಯಿ ಅಷ್ಟು ಕಟ್ಟುಗಳಿಂದಲೇ ಹುಟ್ಟಬೇಕು. ಈ ಉರುಳಿನಿಂದ ಬಿಡಿಸಲೆಂದೇ ನಮ್ಮ ರಾಜ್ಯದಲ್ಲಿ 2018ರಲ್ಲಿ ಬೀದಿಬದಿ ವ್ಯಾಪಾರಿಗಳಿಗೆ ಸಾಲ ಕೊಡುವ ಬಡವರ ಬಂಧು ಯೋಜನೆಯೂ, 2020ರಲ್ಲಿ ಕೇಂದ್ರದ ಸ್ವನಿಧಿ ಯೋಜನೆಯೂ ಬಂದವು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಗುರುತಿನ ಚೀಟಿಯನ್ನೂ, ಮನಬಂದಂತೆ ಎಬ್ಬಿಸದಿರುವ ರಕ್ಷಣೆಯನ್ನೂ ಕೊಟ್ಟಿದೆ. ನಿಮಗೆ ದಿನವೂ ಸೊಪ್ಪು ಕೊಡುವವರಿಗೆ ಇವು ದಕ್ಕಿವೆಯೇ ಎಂದು ಒಮ್ಮೆ ವಿಚಾರಿಸಿ. ಅರ್ಜಿ ಓದಿ ಹೇಳುವವರಿಲ್ಲದೆ ಸುಮ್ಮನಾದವರು ಎಷ್ಟೋ ಮಂದಿ ಇರುತ್ತಾರೆ. ಅಷ್ಟು ಓದಿ ಹೇಳಲು ನಮಗೆ ಐದು ನಿಮಿಷ ಸಾಕು. ನಾವು ಕೇಳದಿದ್ದರೂ ಅವರು ಚೀಲದ ಮೇಲೆ ನಾಲ್ಕೆಸಳು ಕರಿಬೇವು ಕೊಸರಾಗಿ ಇಡುತ್ತಾರಲ್ಲ, ಅಂಥವರು ಇವರು.

ಈಗ ಪುಷ್ಯ ಮಾಸದ ಚಳಿ. ಈ ಹೊತ್ತಿನಲ್ಲಿ ಮಾರುಕಟ್ಟೆಗೆ ಹೋದರೆ ಸಾರು ಯಾವುದೆಂದು ಮಾರುಕಟ್ಟೆಯೇ ಹೇಳಿಬಿಡುತ್ತದೆ. ರಾಶಿ ರಾಶಿ ಅವರೆಕಾಯಿ. ಒಂದು ಹಿಡಿ ತೆಗೆದು ಮೂಸಿ ನೋಡಿ. ಇಬ್ಬನಿ ಬಿದ್ದ ಕಾಯಿಯ ಮೇಲೆ ಎಣ್ಣೆ ಸವರಿದಂತೆ ಅಂಟಂಟಾಗಿ ಸೊಗಡು ಕೂತಿರುತ್ತದೆ, ಕೈಗೆ ಹತ್ತಿದರೆ ತೊಳೆದರೂ ಬೇಗ ಬಿಡುವುದಿಲ್ಲ. ಸೊಗಡಿಲ್ಲದ ಅವರೆ ಬೇಸಿಗೆಯಲ್ಲೂ ಸಿಗಬಹುದು, ಅದಕ್ಕೆ ಈ ರುಚಿ ಬರುವುದಿಲ್ಲ. ಕಾಯಿ ತುಂಬಿಕೊಂಡಿರಬೇಕು, ಬೆರಳಿಗೆ ಒಳಗಿನ ಕಾಳು ಸಿಗಬೇಕು, ಆದರೆ ಸಿಪ್ಪೆ ಹಳದಿಯಾಗಿ ಒಣಗಿರಬಾರದು. ಸಣ್ಣ ತೂತು ಕಂಡರೆ ಒಳಗೆ ಹುಳುವಿದೆ. ತೂಕದಲ್ಲಿ ದೊಡ್ಡ ಪಾಲು ಸಿಪ್ಪೆಗೇ ಹೋಗುತ್ತದೆ, ಆದ್ದರಿಂದ ನಾಲ್ಕು ಜನರ ಮನೆಗೆ ಒಂದು ಕಿಲೋ ತಂದರೆ ಸಾಲದು. ಬಿಡಿಸಿದ ಕಾಳನ್ನೂ, ಹಿತಕಿದ ಬೇಳೆಯನ್ನೂ ಅಲ್ಲೇ ಅಳೆದು ಕೊಡುವವರಿದ್ದಾರೆ. ಬೆಲೆ ಹೆಚ್ಚೆನಿಸಿದರೆ ಒಮ್ಮೆ ಮನೆಯಲ್ಲೇ ಹಿತಕಿ ನೋಡಿ. ಕಾಳನ್ನು ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಒಂದೊಂದನ್ನೇ ಎರಡು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆಯನ್ನು ಜಾರಿಸಬೇಕು. ಮನೆಮಂದಿಯೆಲ್ಲ ಕುಳಿತರೂ ಒಂದು ಪಾತ್ರೆ ತುಂಬಲು ಬಹಳ ಹೊತ್ತು ಬೇಕು. ಆಗ ಆ ಬೆಲೆ ಹೆಚ್ಚು ಎನಿಸುವುದಿಲ್ಲ.

ಅವರೆಯ ಪಕ್ಕದಲ್ಲೇ ಹಸಿ ತೊಗರಿಕಾಯಿ, ಗಿಡದ ಸಮೇತ ಕಟ್ಟಿಟ್ಟ ಹಸಿಕಡಲೆ, ಗೆಣಸು, ನೆಲ್ಲಿಕಾಯಿ, ಎಲಚಿಹಣ್ಣು ಇರುತ್ತವೆ. ಸಬ್ಬಸಿಗೆ ಸೊಪ್ಪು ಒಂದು ಕಟ್ಟು ಸೇರಿಸಿಕೊಂಡರೆ ಅವರೆಕಾಳಿನ ಅಕ್ಕಿರೊಟ್ಟಿ ಆಯಿತು.

ಮನೆಗೆ ತಂದ ಮೇಲೆ ಸೊಪ್ಪಿನ ಕಟ್ಟು ಬಿಚ್ಚಿ, ಹಳದಿ ಎಲೆ ತೆಗೆದು, ತೊಳೆಯದೆಯೇ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ತೊಳೆಯುವುದು ಅಡುಗೆಗೆ ಮುಂಚೆ. ಆಲೂಗಡ್ಡೆ, ಈರುಳ್ಳಿ ಎರಡನ್ನೂ ಒಂದೇ ಬುಟ್ಟಿಯಲ್ಲಿ ಹಾಕಬೇಡಿ, ಬೇಗ ಮೊಳೆಯುತ್ತವೆ. ಅವರೆಯ ಸಿಪ್ಪೆಯನ್ನು ಕಸಕ್ಕೆ ಹಾಕುವ ಮುನ್ನ ಹತ್ತಿರದಲ್ಲಿ ಹಸು ಸಾಕಿದವರಿದ್ದಾರೆಯೇ ಕೇಳಿ, ಸಂತೋಷದಿಂದ ಒಯ್ಯುತ್ತಾರೆ. ಸಂಕ್ರಾಂತಿ ಕಳೆದು ಬಿಸಿಲೇರಿದರೆ ಸೊಗಡೂ ಮುಗಿಯಿತು. ಇನ್ನು ಉಳಿದಿರುವುದು ಕೆಲವೇ ವಾರ, ನಾಳೆ ಬೆಳಗ್ಗೆ ಎಂಟರೊಳಗೆ ಹೋಗಿಬನ್ನಿ.

ನಮಸ್ಕಾರ.