ದೊಡ್ಡ ಪೆಟ್ಟು ಎಲ್ಲಿ ಬೀಳಬೇಕು?

ಕೇಳುಗರಿಗೆ ನಮಸ್ಕಾರ. ನಮ್ಮದು ಚಿಂತಾಮಣಿ. ಹೋದ ವರ್ಷ ನನ್ನ ಅಕ್ಕನ ಮಗಳು ಫೋನಿನಲ್ಲೇ ಕೆಲಸದ ಇಂಟರ್‌ವ್ಯೂ ಕೊಡುತ್ತಿದ್ದಳು. ನಡುವೆ ‘ಅನ್‌ಫಾರ್ಚುನೇಟ್ಲಿ’ ಅಂದಳು. ಆ ಕಡೆಯವರಿಗೆ ಗೊತ್ತಾಗಲಿಲ್ಲ. ಈ ಸಲ ಇನ್ನೂ ಬಿಡಿಸಿ, ಇನ್ನೂ ಜೋರಾಗಿ ಅಂದಳು: ಅನ್, ಫಾರ್, ಚು, ನೇಟ್, ಲಿ. ಊಹೂಂ. ಫೋನ್ ಇಟ್ಟು ನನ್ನ ಮುಖ ನೋಡಿದಳು. “ಸರಿಯಾಗೇ ಹೇಳಿದೆ ಅಲ್ವಾ ಮಾವ?”

ತುಂಡು ಮಾಡಿದ್ದು ಸರಿಯೇ ಇತ್ತು, ಪೆಟ್ಟು ತಪ್ಪಿತ್ತು. ನಮ್ಮ ಕಡೆ ತಮಟೆ ಕೇಳದವರು ಯಾರಿದ್ದಾರೆ? 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಮುನಿವೆಂಕಟಪ್ಪನವರು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರೇ. ತಮಟೆಯ ಎಲ್ಲಾ ಪೆಟ್ಟೂ ಒಂದೇ ಸಮ ಬಿದ್ದರೆ ಕುಣಿಯೋಕಾಗುತ್ತದಾ? ಇಂಗ್ಲಿಷ್ ಪದವೂ ಹಾಗೇ. ಐದು ತುಂಡಿದ್ದರೂ ದೊಡ್ಡ ಪೆಟ್ಟು ಒಂದಕ್ಕೇ, ಅದನ್ನು ಜೋರಾಗಿ, ಸ್ವಲ್ಪ ಎಳೆದು, ದನಿ ಏರಿಸಿ ಹೇಳಬೇಕು, ಉಳಿದವುಗಳ ಸ್ವರವನ್ನು ಅರ್ಧ ನುಂಗಿಬಿಟ್ಟರೂ ಯಾರೂ ಕೇಳುವುದಿಲ್ಲ. ಇಲ್ಲಿ ಪೆಟ್ಟು ‘ಫಾರ್’ ಮೇಲೆ. ‘ನೇಟ್’ ಅಲ್ಲ, ಸುಮ್ನೆ ‘ನಟ್’. ನಮಗೆ ಇದು ಕಷ್ಟ, ಯಾಕೆಂದರೆ ನಾವು ಮಾತ್ರೆ ಎಣಿಸುವ ಜನ. ಲಘುವಿಗೆ ಒಂದು, ಗುರುವಿಗೆ ಎರಡು, ಯಾವ ಅಕ್ಷರಕ್ಕೂ ಮೋಸ ಮಾಡುವುದಿಲ್ಲ!

ಪೆಟ್ಟು ಹುಡುಕೋದು ಸುಲಭ. ಬಾಲದ ‘ಲಿ’ ಕಿತ್ತು ಒಳಗಿನ ಪದ ನೋಡಿ. ಇಮ್ಮೀಡಿಯಟ್‌ನಲ್ಲಿ ಪೆಟ್ಟು ‘ಮೀ’ ಮೇಲೆ, ಲಿ ಅಂಟಿಸಿದರೂ ಅಲ್ಲೇ. ಕೊನೆಗೆ ‘ಇಕ್’ ಇದ್ದರೆ ಸಾಮಾನ್ಯವಾಗಿ ಅದರ ಹಿಂದಿನ ತುಂಡಿಗೆ: ಆಟೊಮ್ಯಾಟಿಕ್‌ನಲ್ಲಿ ‘ಮ್ಯಾ’, ಆಟೊಮ್ಯಾಟಿಕಲಿಯಲ್ಲೂ ಅದೇ ‘ಮ್ಯಾ’. ಈ ‘ಕಲಿ’ ಇದೆಯಲ್ಲ, ಅದು ಬರೀ ಕಾಗದದ ಶೋಕಿ. ಬರೆಯುವಾಗ ಆರು ತುಂಡು, ಬಾಯಲ್ಲಿ ‘ಆಟೊಮ್ಯಾಟಿಕ್ಲಿ’, ಐದೇ. ಬೇಸಿಕಲಿಯೂ ಅಷ್ಟೇ, ಬೇ-ಸಿಕ್-ಲಿ, ಮೂರಕ್ಕೆ ಮುಗಿಯಿತು.

ನೆಸೆಸರಿಲಿ ಮಾತ್ರ ಜಗಳಗಂಟಿ. ಬ್ರಿಟನ್ನಿನ ಹಳೇ ರೂಢಿಯಲ್ಲಿ ಮೊದಲ ‘ನೆ’ಗೆ ಪೆಟ್ಟು, ಅಮೆರಿಕದವರು ಮೂರನೇ ತುಂಡಿಗೆ ಹೊಡೆಯುತ್ತಾರೆ. ಎರಡೂ ಸರಿ, ನಿಮಗೆ ಯಾವುದು ನಾಲಿಗೆಗೆ ಹತ್ತುತ್ತದೋ ಅದು.

ಮೊನ್ನೆ ಬಸ್ಸಿನಲ್ಲಿ ಮಾವ-ಸೊಸೆ ಇಬ್ಬರೂ ‘ಕ್ಯಾರಕ್ಟರಿಸ್ಟಿಕಲಿ’ ಬಿಡಿಸುತ್ತಾ ಕೂತಿದ್ದೆವು. ಕ್ಯಾ, ರಕ್, ಟ, ರಿಸ್, ಟಿಕ್, ಲಿ. ‘ರಿಸ್’ಗೆ ಅವಳು ಮುಂದಿನ ಸೀಟಿನ ಕಂಬಿಗೆ ಒಂದು ಬಿಟ್ಟಳು. ನಾನು ಆರು ಬೆರಳು ಎತ್ತಿ ತೋರಿಸಿದೆ. ಅಷ್ಟರಲ್ಲಿ ಕಂಡಕ್ಟರ್ ಬಂದು “ಆರು ಟಿಕೆಟ್ಟಾ?” ಅಂದರು.

“ಒಂದೇ ಸಾಕು ಸಾರ್, ಇವಳದು ಫ್ರೀ.”