ಬಾಗಿಲು ಯಾವ ಕಡೆಗೆ?

ನಮಸ್ಕಾರ ಕೇಳುಗರೇ.

ಇಂಗ್ಲಿಷಿನ ಎಂಟನೇ ಅಕ್ಷರವನ್ನು ನಮ್ಮಲ್ಲಿ ಕೆಲವರು ‘ಎಚ್’ ಅನ್ನುತ್ತಾರೆ, ಕೆಲವರು ‘ಹೆಚ್’ ಅನ್ನುತ್ತಾರೆ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಹಾಗಲ್ಲ. ‘ಹೆಚ್’ ಅಂದರೆ ಕ್ಯಾಥೊಲಿಕ್, ‘ಎಚ್’ ಅಂದರೆ ಪ್ರಾಟೆಸ್ಟೆಂಟ್ ಅಂತ ಲೆಕ್ಕ ಹಾಕುವವರಿದ್ದಾರೆ. ಓದಿದ ಶಾಲೆ, ಮನೆ ವಿಳಾಸ ಗೊತ್ತಾದರಂತೂ ಮುಗಿದೇಹೋಯಿತು. ಜಗಳ ಬರೀ ಧರ್ಮದ್ದಲ್ಲ: ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು ಹೆಚ್ಚಾಗಿ ಪ್ರಾಟೆಸ್ಟೆಂಟರು, ಐರ್ಲೆಂಡಿಗೆ ಸೇರಬೇಕು ಅನ್ನುವವರು ಹೆಚ್ಚಾಗಿ ಕ್ಯಾಥೊಲಿಕರು.

ಆ ಊರಿನ ಪಶ್ಚಿಮಕ್ಕೆ ಎರಡು ರಸ್ತೆಗಳಿವೆ. ಶಾಂಕಿಲ್ ರಸ್ತೆ ಪ್ರಾಟೆಸ್ಟೆಂಟರದು, ಫಾಲ್ಸ್ ರಸ್ತೆ ಕ್ಯಾಥೊಲಿಕರದು. ಕಾಲ್ನಡಿಗೆಯಷ್ಟೇ ದೂರ. ಆದರೆ ನಡುವೆ ಗೋಡೆ. 1969ರ ಆಗಸ್ಟ್ ಗಲಭೆಯಲ್ಲಿ ಅಲ್ಲಿನ ಬಾಂಬೆ ಸ್ಟ್ರೀಟ್ ಸುಟ್ಟುಹೋಯಿತು. ಹೌದು, ನಮ್ಮ ಬೊಂಬಾಯಿಯ ಹೆಸರೇ. ಮುಂದಿನ ತಿಂಗಳು ಬ್ರಿಟಿಷ್ ಸೈನ್ಯ ಬೇಲಿ ಹಾಕಿತು. ತಾತ್ಕಾಲಿಕ ಅಂದರು. ಆ ತಾತ್ಕಾಲಿಕ ಈಗ ಹೇಗಿದೆ ಗೊತ್ತಾ? ಕ್ಯೂಪರ್ ವೇ ಎಂಬಲ್ಲಿ ಕೆಳಗೆ ಕಾಂಕ್ರೀಟು, ಅದರ ಮೇಲೆ ತಗಡು, ಅದರ ಮೇಲೆ ಕಂಬಿಯ ಜಾಲರಿ. ಕಲ್ಲು ಎಷ್ಟು ಮೇಲಕ್ಕೆ ಹಾರಿತೋ ಗೋಡೆಯೂ ಅಷ್ಟು ಬೆಳೆಯಿತು. ಕೆಲವು ರಸ್ತೆಗಳಿಗೆ ಕಬ್ಬಿಣದ ಗೇಟು. ರಾತ್ರಿ ಹಾಕಿಬಿಡುತ್ತಾರೆ.

1980ರ ದಶಕದಲ್ಲಿ ಗೋಡೆಯ ಎರಡೂ ಕಡೆ ಒಂದೊಂದು ಮಹಿಳಾ ಕೇಂದ್ರ ಶುರುವಾಯಿತು. ಮನೆಗಳ ಕಷ್ಟ ಎರಡೂ ಕಡೆ ಒಂದೇ. ಗಂಡಸರಿಗೆ ಕೆಲಸವಿಲ್ಲ, ಕೆಲವರು ಜೈಲಿನಲ್ಲಿ. ಮಗುವನ್ನು ಬಿಟ್ಟು ಹೋಗಲು ಜಾಗವಿಲ್ಲ, ಸಾಲ ಬೇರೆ. ಹಾಗಂತ ಅವರೇನೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳಲಿಲ್ಲ. 1990ರ ಹೊತ್ತಿಗೆ ಬೆಲ್‌ಫಾಸ್ಟ್ ನಗರಸಭೆ ಫಾಲ್ಸ್ ಕೇಂದ್ರಕ್ಕೆ ಕೊಡುತ್ತಿದ್ದ ದುಡ್ಡನ್ನು ನಿಲ್ಲಿಸಿತು. ಆಗ ಶಾಂಕಿಲ್ ಹೆಂಗಸರು ಸುಮ್ನೆ ಇರಬಹುದಿತ್ತು. ಇರಲಿಲ್ಲ. ಬಹಿರಂಗವಾಗಿ ಫಾಲ್ಸ್ ಕೇಂದ್ರದ ಪರ ನಿಂತರು. ತಮ್ಮದೇ ಬೀದಿಯಲ್ಲಿ ಇದಕ್ಕೆ ಏನನ್ನುತ್ತಾರೋ ಎಂಬ ಅಳುಕು ಇದ್ದಿರಲೇಬೇಕು, ಅಲ್ವಾ? ಶಾಂತಿಯ ಉಪನ್ಯಾಸಗಳಿಗಿಂತ ಆ ದುಡ್ಡಿನ ಜಗಳವೇ ಅವರನ್ನು ಹತ್ತಿರ ತಂದಿತು ಅಂತ ನನಗನಿಸುತ್ತದೆ. ದೇಶ ಬ್ರಿಟನ್ನೋ ಐರ್ಲೆಂಡೋ ಎಂಬ ವಿಚಾರದಲ್ಲಿ ಅವರು ಒಂದಾಗಲಿಲ್ಲ. ಒಂದಾಗಲೇಬೇಕು ಎಂಬ ಹಟವನ್ನೂ ಹಿಡಿಯಲಿಲ್ಲ.

ಈಗ ಕಟ್ಟಡದ ವಿಷಯಕ್ಕೆ ಬರುತ್ತೇನೆ. ಐರೋಪ್ಯ ಒಕ್ಕೂಟ 1995ರಿಂದ ಆ ನಾಡಿಗೆ ‘ಪೀಸ್’ ಎಂಬ ನಿಧಿ ಕೊಡುತ್ತಾ ಬಂದಿದೆ. ಅದರ ನಾಲ್ಕನೇ ಕಂತಿನಲ್ಲಿ ಎರಡೂ ಸಮುದಾಯಗಳು ಹಂಚಿಕೊಳ್ಳುವ ಮಹಿಳಾ ಕೇಂದ್ರವೊಂದಕ್ಕೆ ಹಣ ಸಿಕ್ಕಿತು. ಜಾಗ ಲ್ಯಾನಾರ್ಕ್ ವೇ. ಶಾಂಕಿಲ್‌ನಿಂದ ಗೇಟು ದಾಟಿ ಕ್ಯಾಥೊಲಿಕರ ಕಡೆಯ ಸ್ಪ್ರಿಂಗ್‌ಫೀಲ್ಡ್ ರಸ್ತೆಗೆ ಹೋಗುವ ದಾರಿ ಅದು.

ಗೋಡೆಯ ಪಕ್ಕ ಕಟ್ಟುವಾಗ ಬಾಗಿಲನ್ನು ಯಾವ ಕಡೆಗೆ ಇಡುತ್ತೀರಿ? ಒಂದು ಬೀದಿಗೆ ಮುಖಮಾಡಿದರೆ ಇನ್ನೊಂದಕ್ಕೆ ಬೆನ್ನು. ಹೆಸರೂ ಒಂದು ಬಾಗಿಲೇ. ಈ ಕೇಂದ್ರದ ಹೆಸರಿನಲ್ಲಿ ‘ಶಾಂಕಿಲ್’ ಇದೆ, ‘ಹಂಚಿಕೊಂಡ’ ಎಂಬ ಮಾತೂ ಇದೆ. ಫಾಲ್ಸ್ ಕಡೆಯ ಅಜ್ಜಿಯೊಬ್ಬರು ಆ ಬೋರ್ಡು ಓದಿದಾಗ ಮೊದಲು ಕಣ್ಣಿಗೆ ಬೀಳುವುದು ಯಾವುದು? ನನಗೆ ಅದೇ ಯೋಚನೆ. ಸಂಜೆಯ ತರಗತಿ ಎಷ್ಟು ಹೊತ್ತಿಗೆ ಬಿಡಬೇಕು ಎಂಬುದೂ ಅಲ್ಲಿ ಸಣ್ಣ ಮಾತಲ್ಲ. ಗೇಟು ಹಾಕಿದಮೇಲೆ ಸುತ್ತು ಹಾಕಿಕೊಂಡೇ ಮನೆಗೆ ಹೋಗಬೇಕು.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. 2013ರಲ್ಲಿ ಅಲ್ಲಿನ ಸರ್ಕಾರ, 2023ರೊಳಗೆ ಗೋಡೆಗಳನ್ನೆಲ್ಲ ತೆಗೆಯುವ ಗುರಿ ಇಟ್ಟುಕೊಂಡಿತ್ತು. 2023 ಬಂತು, ಹೋಯಿತು. ಗೋಡೆಗಳು ಅಲ್ಲೇ ಇದ್ದವು. 2021ರ ಏಪ್ರಿಲ್‌ನಲ್ಲಿ ಇದೇ ಲ್ಯಾನಾರ್ಕ್ ವೇ ಬಳಿ ಬಸ್ಸೊಂದನ್ನು ಅಡ್ಡಗಟ್ಟಿ ಸುಟ್ಟರು. ಗೇಟಿನ ಎರಡೂ ಕಡೆಯಿಂದ ಹುಡುಗರು ಕಲ್ಲು, ಪೆಟ್ರೋಲ್ ಬಾಂಬು ಎಸೆದರು. ಎಷ್ಟೋ ಹುಡುಗರು 1998ರ ಶಾಂತಿ ಒಪ್ಪಂದದ ನಂತರ ಹುಟ್ಟಿದವರು.

ಅವರ ಅಮ್ಮಂದಿರಿಗೆ ಕೇಂದ್ರಕ್ಕೆ ಬರಲು ಇರುವುದೂ ಅದೇ ರಸ್ತೆ.

ನಮಸ್ಕಾರ.