ಟ್ಯೂಬ್ ಬದಲಿಸಿದರೆ ಸಾಲದು

ಈಗ ಕಾಣಿಸುತ್ತಿರುವುದು ಪಣಜಿಯ ಮಿರಾಮಾರ್ ಬೀಚ್. ಆಗಷ್ಟೇ ಬೆಳಕು ಹರಿಯುತ್ತಿದೆ. ಚಿತ್ರ ಅಲ್ಲಾಡುತ್ತಿದೆ, ಯಾಕಂದ್ರೆ ಫೋನ್ ಹಿಡಿದಿರುವುದು ಎಂಟನೇ ಕ್ಲಾಸಿನ ನನ್ನ ಮಗಳು, ಅವಳಿಗಿನ್ನೂ ಕಣ್ತುಂಬ ನಿದ್ದೆ. ಟೋಪಿ ಹಾಕಿಕೊಂಡು ಮರಳಿನ ಮೇಲೆ ಸಾಲಾಗಿ ನಿಂತಿರುವ ಇಷ್ಟು ಜನರಲ್ಲಿ ನಾನೆಲ್ಲಿದ್ದೇನೆ ಅಂತ ಹುಡುಕಬೇಡಿ. ಎಡಿಟ್ ಮಾಡುವಾಗ ನಾಲ್ಕು ಸಲ ನೋಡಿದೆ, ನನಗೇ ಸಿಗಲಿಲ್ಲ.

ರೇಸ್ ಮಾಡುವವರು ಕ್ಯಾಮೆರಾ ಕಟ್ಟಿಕೊಂಡು ಹೋಗುವ ಹಾಗಿಲ್ಲ. ಹಾಗಾಗಿ ಈ ವಿಡಿಯೋದಲ್ಲಿ ಇರುವುದೆಲ್ಲ ಬ್ಯಾರಿಕೇಡ್ ಆಚೆಯಿಂದ ನಮ್ಮ ಮನೆಯವರು ಹಿಡಿದದ್ದು. ಉಳಿದದ್ದನ್ನು ನಾನು ಬಾಯಲ್ಲೇ ಹೇಳಬೇಕು. ಮೈಸೂರಿನ ಮನೆಯಲ್ಲಿ, ರೂಮಿನ ಫ್ಯಾನ್ ಆಫ್ ಮಾಡಿಕೊಂಡು ರೆಕಾರ್ಡ್ ಮಾಡುತ್ತಿದ್ದೇನೆ. ನಡುವೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ.

ಹೊಸಬರಿಗೆ ಒಂದೆರಡು ಮಾತು. ಇದು ಐರನ್‌ಮ್ಯಾನ್ 70.3. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜು, ಎದ್ದು ಬಂದು 90 ಕಿಲೋಮೀಟರ್ ಸೈಕಲ್, ಇಳಿದು 21.1 ಕಿಲೋಮೀಟರ್ ಓಟ. ಒಟ್ಟು 113 ಕಿಲೋಮೀಟರ್. ಮೈಲಿ ಲೆಕ್ಕದಲ್ಲಿ 70.3, ಅದಕ್ಕೇ ಆ ಹೆಸರು. ಗೋವಾದಲ್ಲಿ ಶುರುವಾದದ್ದು 2019ರ ಅಕ್ಟೋಬರ್‌ನಲ್ಲಿ. ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. ನಡುವೆ ಇನ್ನೆರಡು ಗಡುವು ಇವೆ. ಈಜು 1 ಗಂಟೆ 10 ನಿಮಿಷದೊಳಗೆ ಆಗಬೇಕು. ಈಜು, ಸೈಕಲ್ ಎರಡೂ ಸೇರಿ ಐದೂವರೆ ಗಂಟೆಯೊಳಗೆ ಆಗಬೇಕು. ತಪ್ಪಿದರೆ ಅಲ್ಲೇ ನಿಲ್ಲಿಸಿ, ಹೊತ್ತು ಅಳೆಯಲು ಕಾಲಿಗೆ ಕಟ್ಟಿರುವ ಚಿಪ್ ಬಿಚ್ಚಿಸಿಕೊಳ್ಳುತ್ತಾರೆ.

ಹೋದ ವರ್ಷ ನನ್ನ ಚಿಪ್ ಬಿಚ್ಚಿಸಿಕೊಂಡರು. ಹನ್ನೊಂದು ನಿಮಿಷ ತಡವಾಗಿದ್ದಕ್ಕೆ.

ಊರಿಗೆ ವಾಪಸ್ ಬಂದಾಗ ಎಲ್ಲರೂ ಕೇಳಿದ್ದು ಒಂದೇ: "ಸಮುದ್ರ ಕಷ್ಟ ಆಯ್ತಾ?" ನಾನು ಈಜು ಕಲಿತದ್ದೇ ನಲವತ್ತಕ್ಕೆ. ಸರಸ್ವತಿಪುರಂನ ಈಜುಕೊಳದಲ್ಲಿ, ಪಕ್ಕದಲ್ಲಿ ಆರು ವರ್ಷದ ಮಕ್ಕಳು ಮೀನಿನ ಹಾಗೆ ಹೋಗುತ್ತಿದ್ದರೆ, ನಾನು ಕಂಬಿ ಹಿಡಿದುಕೊಂಡು ಮೂಗಿಗೆ ನೀರು ತುಂಬಿಸಿಕೊಳ್ಳುತ್ತಿದ್ದೆ. ಹಾಗಾಗಿ ಸಮುದ್ರವೇ ಇವಳನ್ನು ಸೋಲಿಸಿರಬೇಕು ಅಂತ ಎಲ್ಲರ ಊಹೆ. ಬ್ಯಾಂಕಿನಲ್ಲಿ ಸಹೋದ್ಯೋಗಿಗಳು "ಅರಬ್ಬೀ ಸಮುದ್ರ ಅಂದ್ರೆ ಸುಮ್ನೆನಾ" ಅಂತ ಸಮಾಧಾನ ಹೇಳಿದರು. ನಾನೂ ಹೌದು ಹೌದು ಅಂತ ತಲೆಯಾಡಿಸಿಬಿಟ್ಟೆ. ಸಮುದ್ರದ ಕೈಲಿ ಸೋತರೆ ಒಂದು ಮರ್ಯಾದೆ ಇದೆ, ಅಲ್ವಾ?

ನಿಜ ಏನಂದ್ರೆ, ಸಮುದ್ರ ನನ್ನನ್ನು 1 ಗಂಟೆ 6 ನಿಮಿಷಕ್ಕೆ ದಡಕ್ಕೆ ಬಿಟ್ಟಿತ್ತು. ನನ್ನನ್ನು ಸೋಲಿಸಿದ್ದು ಒಂದು ತಂತಿ ಚೂರು. ಅಕ್ಕಿ ಕಾಳಿಗಿಂತ ಸಣ್ಣದು.

ಲಾರಿ ಟೈರಿನೊಳಗೆ ಉಕ್ಕಿನ ತಂತಿ ಇರುತ್ತದೆ. ಆ ಟೈರು ಹೈವೇಯಲ್ಲಿ ಸಿಡಿದರೆ ತಂತಿ ಚೂರುಚೂರಾಗಿ ರಸ್ತೆ ಪಕ್ಕದಲ್ಲಿ ಬೀಳುತ್ತದೆ. ಕಾರಿಗೆ, ಸ್ಕೂಟರಿಗೆ ಅದು ಲೆಕ್ಕವೇ ಇಲ್ಲ. ಬೆರಳಿನಷ್ಟು ದಪ್ಪದ ನಮ್ಮ ಸೈಕಲ್ ಟೈರಿಗೆ ಮಾತ್ರ ನೇರವಾಗಿ ಇಳಿಯುತ್ತದೆ. ಹೋದ ವರ್ಷ ಮೂವತ್ತನೇ ಕಿಲೋಮೀಟರ್ ಸುಮಾರಿಗೆ ಹಿಂದಿನ ಚಕ್ರ ಮೆತ್ತಗಾಯಿತು. ಯೂಟ್ಯೂಬಿನಲ್ಲಿ ನೋಡಿದ್ದನ್ನು ನೆನಪು ಮಾಡಿಕೊಂಡು, ಇಪ್ಪತ್ತು ನಿಮಿಷ ಒದ್ದಾಡಿ, ಟ್ಯೂಬ್ ಬದಲಿಸಿದೆ. ಎಷ್ಟು ಹೆಮ್ಮೆ ಆಯಿತು ಅಂದ್ರೆ, ಹಾಡು ಗುನುಗುತ್ತಾ ಹೊರಟೆ. ಆರು ಕಿಲೋಮೀಟರ್ ಆಗಿರಲಿಲ್ಲ, ಮತ್ತೆ ಮೆತ್ತಗೆ. ತಂತಿ ಟೈರಿನಲ್ಲೇ ಕೂತಿತ್ತು. ನಾನು ಹೊಸ ಟ್ಯೂಬನ್ನೂ ಅದರ ಬಾಯಿಗೇ ಕೊಟ್ಟಿದ್ದೆ. ಎರಡನೇ ಟ್ಯೂಬ್ ಇರಲಿಲ್ಲ. ಹಿಂದೆ ಬರುತ್ತಿದ್ದ ಪುಣ್ಯಾತ್ಮನೊಬ್ಬ ತನ್ನದೊಂದು ಟ್ಯೂಬ್ ಎಸೆದು ಹೋದ. ಸ್ಪರ್ಧಿಗಳು ಒಬ್ಬರಿಗೊಬ್ಬರು ಟ್ಯೂಬು, ಪಂಪು ಕೊಡಬಹುದು. ಆದರೆ ಹೊತ್ತು ಯಾರೂ ಕೊಡುವುದಕ್ಕಾಗುವುದಿಲ್ಲ. 5 ಗಂಟೆ 41 ನಿಮಿಷಕ್ಕೆ ಬಂದು ತಲುಪಿದೆ.

ತಪ್ಪು ನನ್ನದೇ. ಎರಡು ವರ್ಷ ಚಾಮುಂಡಿ ಬೆಟ್ಟ ಹತ್ತಿ ಇಳಿದಿದ್ದೇನೆ, ನಂಜನಗೂಡು ರಸ್ತೆಯಲ್ಲಿ ಲೆಕ್ಕವಿಲ್ಲದಷ್ಟು ಭಾನುವಾರ ಕಳೆದಿದ್ದೇನೆ. ಪಂಕ್ಚರ್ ಆದರೆ ನಮ್ಮ ಮನೆಯವರಿಗೆ ಒಂದು ಫೋನ್. ಅವರು ಕಾರು ತರುತ್ತಿದ್ದರು, ಸೈಕಲ್ ಹಿಂದೆ ತುಂಬಿಕೊಂಡು ಚಾಚಾ ಅಂಗಡಿಗೆ. ಚಾಚಾ ರಿಪೇರಿ ಮಾಡುವಾಗ ನಾನು ಪಕ್ಕದಲ್ಲಿ ಟೀ ಕುಡಿಯುತ್ತಾ ಆ ವಾರದ ಓಟದ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಎದೆ ಬಡಿತ, ಕಾಲಿನ ಶಕ್ತಿ, ಬೆವರಿನಲ್ಲಿ ಹೋಗುವ ಉಪ್ಪು, ಎಲ್ಲದಕ್ಕೂ ನನ್ನ ಹತ್ತಿರ ಒಂದೊಂದು ಅಂಕಿ ಇತ್ತು. ಸ್ಕ್ರೂ ಯಾವ ಕಡೆ ತಿರುಗಿಸಿದರೆ ಬಿಗಿಯಾಗುತ್ತೆ ಅಂತ ಕೇಳಿದ್ದರೆ ಎರಡು ಸೆಕೆಂಡ್ ಯೋಚನೆ ಮಾಡಬೇಕಿತ್ತು.

ಈ ಶಾಟ್ ಚಾಚಾ ಅಂಗಡಿಯದು. ಅವರು ಮುಖ ತೋರಿಸಬೇಡಿ ಅಂದರು, ಅದಕ್ಕೆ ಕೈ ಮಾತ್ರ. ಗೋವಾದಿಂದ ಬಂದ ಮರುವಾರ ಹೋಗಿ ಎಲ್ಲ ಹೇಳಿದೆ. ಅವರು ನಗಲಿಲ್ಲ. "ಮೇಡಂ, ಟ್ಯೂಬ್ ಆಮೇಲೆ. ಮೊದಲು ಟೈರ್ ಒಳಗೆ ನೋಡಬೇಕು" ಅಂದರು. ಸ್ಟೂಲ್ ಎಳೆದು ಕೂರಿಸಿದರು.

ಅವರು ಕಲಿಸಿದ್ದನ್ನು ನಿಧಾನವಾಗಿ ಹೇಳುತ್ತೇನೆ. ಹಿಂದಿನ ಚಕ್ರ ಬಿಚ್ಚುವ ಮುಂಚೆ ಚೈನನ್ನು ಅತಿ ಚಿಕ್ಕ ಹಲ್ಲಿನ ಚಕ್ರಕ್ಕೆ ತಂದುಕೊಳ್ಳಿ, ಇಲ್ಲದಿದ್ದರೆ ವಾಪಸ್ ಹಾಕುವಾಗ ಕೈಯೆಲ್ಲ ಗ್ರೀಸ್. ಟೈರಿನ ಒಂದೇ ಪಕ್ಕ ಬಿಚ್ಚಿ. ಟ್ಯೂಬ್ ಎಳೆದ ಮೇಲೆ ಬಿಸಾಡಬೇಡಿ. ಸ್ವಲ್ಪ ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದು ತಿರುಗಿಸಿ. ಅಂಗಡಿಯಲ್ಲಾದರೆ ಬಕೆಟ್ ನೀರು ಇರುತ್ತೆ, ರಸ್ತೆಯಲ್ಲಿ ಕೆನ್ನೆಯೇ ಬಕೆಟ್ಟು. ತೂತು ಎಲ್ಲಿದೆ ಅಂತ ಗೊತ್ತಾದ ಮೇಲೆ, ವಾಲ್ವಿನಿಂದ ಅದು ಎಷ್ಟು ಗೇಣು ದೂರ ಅಂತ ಅಳೆಯಿರಿ. ಟೈರಿನಲ್ಲೂ ವಾಲ್ವ್ ಇದ್ದ ಜಾಗದಿಂದ ಎರಡೂ ಕಡೆಗೆ ಅಷ್ಟೇ ಗೇಣು ಹೋಗಿ ನೋಡಿ. ಎರಡರಲ್ಲಿ ಒಂದು ಕಡೆ ಕಳ್ಳ ಅಲ್ಲೇ ಕೂತಿರುತ್ತಾನೆ. ಕಣ್ಣಿಗೆ ಕಾಣುವುದಿಲ್ಲ. ಬೆರಳನ್ನು ಒಳಗಿನಿಂದ ಮೆಲ್ಲಗೆ ಜಾರಿಸಬೇಕು. ಜೋರಾಗಿ ಜಾರಿಸಿದರೆ ಬೆರಳು ಕುಯ್ಯುತ್ತೆ.

ಮೊದಲ ಸಲವೇ ನನ್ನ ಬೆರಳಿಗೆ ತಂತಿ ಸಿಕ್ಕಿತು. ಚಾಚಾಗೆ ಆಶ್ಚರ್ಯ. ಇಪ್ಪತ್ತು ವರ್ಷದಿಂದ ಕ್ಯಾಷ್ ಕೌಂಟರಿನಲ್ಲಿ ಕೂತು ನೋಟು ಎಣಿಸುವ ಕೈ ಇದು. ಖೋಟಾ ನೋಟು ಬಂದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಮೂರು ವರ್ಷದ ಟ್ರೈನಿಂಗಿನಲ್ಲಿ ನನ್ನ ಕೆಲಸದಿಂದ ಉಪಯೋಗಕ್ಕೆ ಬಂದ ವಿದ್ಯೆ ಇದೊಂದೇ.

ಆಮೇಲೆ ಪ್ರತಿ ಬುಧವಾರ ರಾತ್ರಿ ಊಟ ಆದ ಮೇಲೆ ಹಾಲ್‌ನಲ್ಲಿ ಪೇಪರ್ ಹಾಸಿ, ಮಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು ಟ್ಯೂಬ್ ಬದಲಿಸುತ್ತಿದ್ದೆ. ಅವಳು ಟೈರಿನೊಳಗೆ ಸ್ಟೇಪ್ಲರ್ ಪಿನ್ ಬಚ್ಚಿಡುತ್ತಿದ್ದಳು. ಒಂದು ಸಲ ಎರಡು ಬಚ್ಚಿಟ್ಟಿದ್ದಳು, ಹೇಳಿರಲಿಲ್ಲ. ಇಪ್ಪತ್ತು ನಿಮಿಷದಿಂದ ಆರೂವರೆಗೆ ಬಂದೆ. ಅತ್ತೆ ಧಾರಾವಾಹಿ ಮಧ್ಯೆ ತಿರುಗಿ ನೋಡಿ, "ಬ್ಯಾಂಕ್ ಕೆಲಸ ಬಿಡ್ತೀಯಾ ಹೆಂಗೆ?" ಅಂದರು.

ಇನ್ನುಳಿದ ಟ್ರೈನಿಂಗ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಬೆಳಗ್ಗೆ ನಾಲ್ಕೂವರೆಗೆ ಏಳುವುದು. 50 ಮೀಟರ್ ಲೆಕ್ಕದಲ್ಲಿ 38 ಸಲ ಈ ತುದಿಯಿಂದ ಆ ತುದಿಗೆ ಹೋದರೆ 1.9 ಕಿಲೋಮೀಟರ್. ಎಣಿಕೆ ಯಾವಾಗಲೂ ಇಪ್ಪತ್ತೊಂದರ ಹತ್ತಿರ ತಪ್ಪುತ್ತದೆ. ಕುಕ್ಕರಹಳ್ಳಿ ಕೆರೆ ಸುತ್ತ ಓಟ. ಸೈಕಲ್ ಇಳಿದ ತಕ್ಷಣ ಓಡುವ ಅಭ್ಯಾಸ ಮಾತ್ರ ಬೇರೆಯೇ, ಅದಕ್ಕೆ ನಮ್ಮವರು ಬ್ರಿಕ್ ಅಂತಾರೆ. ಕಾಲು ನಿಜಕ್ಕೂ ಇಟ್ಟಿಗೆ ಕಟ್ಟಿದ ಹಾಗಿರುತ್ತದೆ. ಎನರ್ಜಿ ಜೆಲ್ ನನಗೆ ಸೇರುವುದಿಲ್ಲ, ಟೂತ್‌ಪೇಸ್ಟ್ ನುಂಗಿದ ಹಾಗಾಗುತ್ತದೆ. ಶೇಂಗಾ ಚಿಕ್ಕಿ, ಉಪ್ಪು ನಿಂಬೆಹಣ್ಣಿನ ಶರಬತ್ತು, ಅಷ್ಟೇ.

ಈ ನೀಲಿ ನೀರು ಕಾರವಾರ. ರೇಸಿಗೆ ಮೂರು ದಿನ ಮುಂಚೆ ಅಲ್ಲಿ ಉಳಿದುಕೊಂಡು ಟಾಗೋರ್ ಬೀಚಿನಲ್ಲಿ ಅಭ್ಯಾಸ ಮಾಡಿದೆ. ಕೊಳದಲ್ಲಿ ಕೆಳಗೊಂದು ಕಪ್ಪು ಗೆರೆ ಇರುತ್ತದೆ, ಅದನ್ನು ನೋಡಿಕೊಂಡು ಹೋಗಬಹುದು. ಸಮುದ್ರದಲ್ಲಿ ಕೆಳಗೆ ಏನೂ ಇಲ್ಲ, ಬರೀ ಹಸಿರು. ಏಳೆಂಟು ಸಲ ಕೈ ಬೀಸಿದ ಮೇಲೆ ಮೊಸಳೆ ಹಾಗೆ ಕಣ್ಣಷ್ಟೇ ಎತ್ತಿ, ದಾರಿ ತೋರಿಸಲು ದೂರದಲ್ಲಿ ತೇಲಿಬಿಟ್ಟಿರುವ ಬೋಯ್ ನೋಡಿಕೊಳ್ಳಬೇಕು. ಅಲೆ ಮುಂದೆ ಇದ್ದರೆ ಅದೂ ಕಾಣುವುದಿಲ್ಲ. ಆಗ ಮುಂದಿನವರ ಪಾದವೇ ದೇವರು. ಅವರು ದಾರಿ ತಪ್ಪಿದರೆ ನಾವೂ ತಪ್ಪಿದೆವು.

ಈಗ ರೇಸು. ಗೋವಾದ ನೀರು ಬೆಚ್ಚಗಿರುವುದರಿಂದ ವೆಟ್‌ಸೂಟ್, ಅಂದ್ರೆ ಮೈ ಬೆಚ್ಚಗಿಡುವ ರಬ್ಬರ್ ಉಡುಪು, ಹಾಕಲು ಬಿಡುವುದಿಲ್ಲ. ನೀರು 24.5 ಡಿಗ್ರಿ ದಾಟಿದರೆ ನಮ್ಮಂಥ ಹವ್ಯಾಸಿಗಳಿಗೆ ಅದು ನಿಷಿದ್ಧ. ಈ ಸಲ 58 ನಿಮಿಷಕ್ಕೆ ದಡ ಮುಟ್ಟಿದೆ. ಓಡಿ ಬಂದು, ಮೊದಲು ಹೆಲ್ಮೆಟ್ ಬಕಲ್ ಹಾಕಿ, ಆಮೇಲೆ ಸೈಕಲ್ ಮುಟ್ಟಿದೆ. ಉಲ್ಟಾ ಮಾಡಿದರೆ ದಂಡ. ಮುಂದಿನ ಸೈಕಲ್ಲಿನಿಂದ 12 ಮೀಟರ್ ದೂರ ಇರಬೇಕು, ಅವರ ಬೆನ್ನ ಹಿಂದೆ ಗಾಳಿ ಮರೆಯಲ್ಲಿ ಹೋಗುವ ಹಾಗಿಲ್ಲ. ಹೀಗಾಗಿ ತೊಂಬತ್ತು ಕಿಲೋಮೀಟರ್ ಒಬ್ಬಳೇ ಗೊಣಗಿಕೊಂಡು ಹೋಗುವುದೇ.

ಗೊಣಗಿದ್ದು ಬರೀ ಟೈರಿನ ಬಗ್ಗೆ. ಪ್ರತಿ ಉಬ್ಬಿಗೂ ಮೆತ್ತಗಾಯಿತಾ ಅಂತ ಅನುಮಾನ. ಸೀಟಿನ ಕೆಳಗೆ ಈ ಸಲ ಎರಡು ಟ್ಯೂಬ್. ಅರವತ್ತು ಕಿಲೋಮೀಟರ್ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಒಬ್ಬ ಹುಡುಗ ಚಕ್ರ ಬಿಚ್ಚಿಕೊಂಡು ಕೂತಿದ್ದ. ಪಕ್ಕದಲ್ಲಿ ಹೊಸ ಟ್ಯೂಬಿನ ಡಬ್ಬಿ. ಕೈ ನಡುಗುತ್ತಿತ್ತು. ಅದೇ ಅವಸರ, ಹೋದ ವರ್ಷ ನನ್ನದಿತ್ತಲ್ಲ, ಅದೇ. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದೆ ಅಂತ ಹೇಳಿದರೆ ಕೇಳುವುದಕ್ಕೆ ಚೆನ್ನಾಗಿರುತ್ತಿತ್ತು. ಆದರೆ ಕೂಗಿದೆ. "ಟೈರ್ ಒಳಗೆ ನೋಡೋ! ತಂತಿ ಇರುತ್ತೆ, ತಂತಿ!" ಗೋವಾದಲ್ಲಿ, ಯಾವ ಊರಿನವನೋ ಏನೋ, ಕನ್ನಡದಲ್ಲಿ ಕೂಗಿದ್ದೇನೆ ಅಂತ ನೂರು ಮೀಟರ್ ಹೋದ ಮೇಲೆ ಹೊಳೆಯಿತು.

ಸೈಕಲ್ ಮುಗಿದಾಗ 5 ಗಂಟೆ 15 ನಿಮಿಷ. ಹದಿನೈದು ನಿಮಿಷ ಕೈಯಲ್ಲಿತ್ತು.

ಈ ಭಾಗ ನಮ್ಮ ಮನೆಯವರು ಚೆನ್ನಾಗಿ ಹಿಡಿದಿದ್ದಾರೆ. ನಡುಮಧ್ಯಾಹ್ನದ ಬಿಸಿಲು, ನಾನು ಓಟ ಅನ್ನುವ ಹೆಸರಿನಲ್ಲಿ ನಡೆಯುತ್ತಿದ್ದೇನೆ. ಬ್ಯಾರಿಕೇಡ್ ಮೇಲಿಂದ ಚಾಚಿರುವ ಆ ಕೈ ನೋಡಿ, ಏಲಕ್ಕಿ ಬಾಳೆಹಣ್ಣು ಇದೆಯಲ್ಲ, ಅದು ನಮ್ಮ ಅತ್ತೆ. "ಮುಖ ನೋಡು ಹೆಂಗೆ ಬಾಡಿದೆ, ಒಂದು ಹಣ್ಣು ತಿಂದ್ರೆ ಏನಮ್ಮಾ ಆಗುತ್ತೆ!" ಹೊರಗಿನವರಿಂದ ಏನೂ ತಗೊಳ್ಳುವ ಹಾಗಿಲ್ಲ ಅಂತ ಹಿಂದಿನ ರಾತ್ರಿ ಅರ್ಧ ಗಂಟೆ ವಿವರಿಸಿದ್ದೆ. ಅವರ ಪ್ರಕಾರ ಅತ್ತೆ ಹೊರಗಿನವರಲ್ಲ.

ಅತ್ತೆಯ ವಾದದಲ್ಲೂ ಹುರುಳಿದೆ ಅನ್ನಿ. 1978ರ ಫೆಬ್ರವರಿಯಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ಊಟ, ನೀರು ಕೊಡುವುದಕ್ಕೆ ಸ್ಪರ್ಧಿಗಳೇ ತಮ್ಮ ಕಡೆಯವರನ್ನು ಕರೆತಂದಿದ್ದರು. ಎರಡನೆಯವನಾಗಿ ಬಂದ ಜಾನ್ ಡನ್‌ಬಾರ್ ಕಡೆಯವರ ಹತ್ತಿರ ನೀರು ಮುಗಿದು, ಬಿಯರ್ ಕೊಟ್ಟಿದ್ದರಂತೆ. ಆಗ ಬಿಯರ್ ನಡೆಯುತ್ತಿತ್ತು, ಈಗ ನಮ್ಮತ್ತೆಯ ಬಾಳೆಹಣ್ಣು ನಡೆಯುವುದಿಲ್ಲ.

ಕೊನೆಯ ಸುತ್ತಿನಲ್ಲಿ, ದೋನಾ ಪೌಲಾ ರಸ್ತೆಯಲ್ಲಿ, ಹಿಂದಿನಿಂದ ಹೆಜ್ಜೆ ಸದ್ದು. ಒಬ್ಬ ಹುಡುಗ ಪಕ್ಕಕ್ಕೆ ಬಂದ. ಮೊಣಕೈವರೆಗೂ ಗ್ರೀಸ್.

"ಅಕ್ಕಾ, ತಂತಿನೇ. ಸಿಕ್ತು."

ಅಷ್ಟು ಹೇಳಿ ನನ್ನನ್ನು ಹಿಂದೆ ಹಾಕಿ ಹೋದ. ಧಾರವಾಡದ ಕಡೆಯವನಂತೆ, ಆಮೇಲೆ ಗೊತ್ತಾಯಿತು. ನನಗಿಂತ ಎಂಟು ನಿಮಿಷ ಮೊದಲೇ ಮುಗಿಸಿದ್ದಾನೆ.

ನನ್ನ ಹೊತ್ತು 8 ಗಂಟೆ 13 ನಿಮಿಷ. ಮೆಡಲ್ ಹಾಕಿಸಿಕೊಂಡು ಬಂದು ಮೊದಲು ತಿಂದದ್ದು ಆ ಬಾಳೆಹಣ್ಣು. ಬಿಸಿಲಿಗೆ ಕಪ್ಪಾಗಿತ್ತು. ಅತ್ತೆ ಇನ್ನೊಂದು ತೆಗೆದರು, ಅದನ್ನೂ ತಿಂದೆ.

ಮೈಸೂರಿಗೆ ಬಂದ ಮೇಲೆ ಚಾಚಾಗೆ ಮೆಡಲ್ ತೋರಿಸಲು ಹೋದೆ. ಬಿಚ್ಚದೆ ಉಳಿದ ಎರಡು ಟ್ಯೂಬನ್ನೂ ಹೆಮ್ಮೆಯಿಂದ ಮುಂದಿಟ್ಟೆ. ಮೆಡಲ್ ಒಂದು ಸಲ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಟ್ಯೂಬಿನ ಡಬ್ಬಿ ತೆರೆದು, ಮಡಿಕೆ ಬಿಚ್ಚಿ, ಬೆರಳಿನಲ್ಲಿ ಎಳೆದು ನೋಡಿದರು.

"ಮೇಡಂ, ಇದು ಸೀಟಿನ ಕೆಳಗೆ ಉಜ್ಜಿ ಉಜ್ಜಿ ಸವೆದುಹೋಗಿದೆ. ಹಾಕಿದ್ರೆ ನಿಲ್ತಾ ಇರಲಿಲ್ಲ" ಅಂದರು.